ಸಿಡ್ಲಪ್ಪ ದೊಡ್ಡವನೋ, ಮಾಸ್ತರ ದೊಡ್ಡವನೋ

ಹೋದ ತಿಂಗಳು ಮೆಲ್ಬೋರ್ನಿನ ಟ್ರಾಮಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ ಬಂದು ಕುಳಿತಳು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡಿದ್ದಳು, ತೊಡೆಯ ಮೇಲೆ ಹೊಸ ಚರ್ಮದ ಚೀಲ ಇಟ್ಟುಕೊಂಡಿದ್ದಳು. ಬೇರೆ ಬೇರೆಯಾಗಿ ಇವೆರಡೂ ದಿನನಿತ್ಯ ಸಿಗುವ ವಾಸನೆಗಳೇ. ಆದರೆ ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ನಾನು ಇಳಿಯಬೇಕಾದ ಸ್ಟಾಪ್ ದಾಟಿಹೋಯಿತು. ಆ ಕೂಡುವಾಸನೆ ನನಗೆ ಗೊತ್ತಿರುವುದು ಒಂದೇ ಕಡೆಯಿಂದ, ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿದ್ದ ನಮ್ಮ ಬಾಡಿಗೆ ಮನೆಯ ಹಾಲ್‌ನಿಂದ. ಅಲ್ಲಿ ಹಳೆಯ ದಪ್ಪ ಟಿವಿಯ ತಲೆಯ ಮೇಲೆ ಕಾಕಾನ ಬೇಸ್‌ಬಾಲ್ ಗ್ಲವ್ ಇರುತ್ತಿತ್ತು. ಆ ಮನೆಯಲ್ಲಿ ಈಗ ಯಾರಿದ್ದಾರೋ ಗೊತ್ತಿಲ್ಲ. ಅಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ಅವ್ವ ಇಲ್ಲಿ ನನ್ನ ಜೊತೆಗಿದ್ದಾಳೆ. ಕಾಕಾನೂ ಇದೇ ಊರಿನಲ್ಲಿದ್ದಾನೆ, ಹಬ್ಬ ಹರಿದಿನಕ್ಕೆ ಸಿಗುತ್ತಾನೆ. ನಿಮ್ಮಲ್ಲೂ ಕೆಲವರಿಗೆ ಇಂಥ ಒಂದು ಮನೆ ಇದ್ದೀತು. ವಿಳಾಸ ಬಾಯಿಪಾಠವಿರುತ್ತದೆ, ಹೋಗಲು ಮಾತ್ರ ಕಾರಣವಿರುವುದಿಲ್ಲ.

ಕಾಕಾ ಎಂದರೆ ಅಪ್ಪನ ತಮ್ಮ. ಹೆಸರು ಪ್ರಮೋದ, ಅಪ್ಪನ ಬಾಯಲ್ಲಿ ಪಮ್ಯಾ. ಹುಬ್ಬಳ್ಳಿಯಲ್ಲಿ ಅಜ್ಜ ಬೇಗ ತೀರಿಕೊಂಡಿದ್ದರಿಂದ ಅವನನ್ನು ಬೆಳೆಸಿದವನು ಅಪ್ಪನೇ. ಅಪ್ಪ ಚಾಟ್ಸ್‌ವುಡ್‌ನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿ ನೆಲೆಯಾದ ಮೇಲೆ ತಮ್ಮನನ್ನು ಓದಲಿಕ್ಕೆ ಕರೆಸಿಕೊಂಡ. ಕಾಕಾನ ಓದು ಮುಗಿಯಿತು, ಕೆಲಸ ಸಿಕ್ಕಿತು, ಕಾಯಂ ಆಗಿ ನೆಲೆಸಲು ಪಿಆರ್ ಆಯಿತು. ಆದರೂ ಅವನು ನಮ್ಮ ಮನೆಯಲ್ಲೇ ಉಳಿದ, ಬೇರೆ ಇರಬೇಕೆಂದು ಆಗ ಯಾರಿಗೂ ಅನಿಸಿರಲಿಲ್ಲ. ಬೇಸ್‌ಬಾಲನ್ನು ಮನೆಯೊಳಗೆ ತಂದವನು ಅವನೇ. ಹುಬ್ಬಳ್ಳಿಯಲ್ಲಿ ಅವನು ಫಾಸ್ಟ್ ಬೌಲರ್ ಆಗಿದ್ದನಂತೆ, ಆದರೆ ಚೆಂಡು ಬಿಡುವಾಗ ಮೊಣಕೈ ಬಾಗುತ್ತಿತ್ತು. ಕಾಲೇಜಿನ ಒಂದು ಪಂದ್ಯದಲ್ಲಿ ಅಂಪೈರ್ ಮೇಲಿಂದ ಮೇಲೆ ನೋಬಾಲ್ ಕೊಟ್ಟು, ಇದು ಬೌಲಿಂಗ್ ಅಲ್ಲ, ಮಾವಿನಕಾಯಿಗೆ ಕಲ್ಲು ಒಗೆಯುವುದು ಎಂದು ಎಲ್ಲರೆದುರು ನಗೆಪಾಟಲು ಮಾಡಿದ್ದ. ಕಾಕಾ ಆ ದಿನವೇ ಕ್ರಿಕೆಟ್ ಬಿಟ್ಟ. ಸಿಡ್ನಿಗೆ ಬಂದಮೇಲೆ ಒಂದು ಪಾರ್ಕಿನಲ್ಲಿ, ಮೊಣಕೈ ಬಾಗಿಸಿ ಬೀಸಿ ಒಗೆದಷ್ಟೂ ಶಹಬ್ಬಾಸ್ ಎನ್ನುವ ಆಟವೊಂದನ್ನು ಕಂಡು ಅಲ್ಲೇ ನಿಂತುಬಿಟ್ಟನಂತೆ. ಆ ಕ್ಲಬ್‌ನವರಿಗೆ ಆಟಗಾರರ ಕೊರತೆ ಇತ್ತು, ಇವನಿಗೆ ಹಳೆಯ ಅವಮಾನ ಇತ್ತು. ಹೀಗೆ ಹುಬ್ಬಳ್ಳಿಯ ಥ್ರೋ ಬೌಲರ್ ಕೊನೆಯ ದರ್ಜೆಯ ತಂಡವೊಂದರ ಪಿಚರ್ ಆದ.

ಗ್ಲವ್‌ನ ಚರ್ಮ ಮೆತ್ತಗಾಗಲು ಅದರದೇ ಎಣ್ಣೆ ಅಂಗಡಿಯಲ್ಲಿ ಸಿಗುತ್ತಿತ್ತು. ಕಾಕಾ ಅವ್ವನ ಕೊಬ್ಬರಿ ಎಣ್ಣೆ ಹಚ್ಚಿದ. ಕೂದಲಿಗೆ ಒಳ್ಳೆಯದಾದದ್ದು ಚರ್ಮಕ್ಕೆ ಕೆಟ್ಟದ್ದು ಹೇಗಾಗುತ್ತದೆ ಎನ್ನುವುದು ಅವನ ವಾದ. ಸಿಡ್ನಿಯ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಹೊಲಿಗೆಯ ಸಂದುಗಳಲ್ಲಿ ಬಿಳಿ ಹರಳಾಗಿ ಕೂರುತ್ತಿತ್ತು. ಅದನ್ನು ಕರಗಿಸಲೆಂದೇ ಗ್ಲವ್ ಟಿವಿಯ ಮೇಲೇರಿದ್ದು. ಟಿವಿ ಹಚ್ಚಿದ ಸ್ವಲ್ಪ ಹೊತ್ತಿಗೆ ಹಾಲ್ ತುಂಬ ಆ ವಾಸನೆ ಹರಡಿತೆಂದರೆ ಶನಿವಾರ ಶುರುವಾಯಿತು ಎಂದು ನನಗೆ ಹಾಸಿಗೆಯಲ್ಲೇ ತಿಳಿಯುತ್ತಿತ್ತು. ಅಮೆರಿಕದಲ್ಲಿ ಶುಕ್ರವಾರ ರಾತ್ರಿ ಆಡುವ ಪಂದ್ಯ ನಮಗೆ ಶನಿವಾರ ಬೆಳಿಗ್ಗೆ ಬರುತ್ತಿತ್ತು. ಕಿಟಕಿಯ ಬಿಸಿಲು ಕಾರ್ಪೆಟ್ಟಿನ ಮೇಲೆ ಚೌಕಟ್ಟಾಗಿ ಬಿದ್ದಿರುತ್ತಿತ್ತು, ಅದರೊಳಗೆ ಕಾಲು ಚಾಚಿಕೊಂಡು ಕಾಕಾ, ಸೋಫಾದಲ್ಲಿ ಶಾಲು ಹೊದ್ದು ಅಪ್ಪ. ಅವ್ವ ಚುರುಮುರಿ ಸುಸಲಾ ಮಾಡಿ ದೊಡ್ಡ ಪಾತ್ರೆಯನ್ನೇ ನಡುವೆ ತಂದಿಡುತ್ತಿದ್ದಳು. ಹುರಿದ ಶೇಂಗಾ ಹುಡುಕಿ ಹುಡುಕಿ ತಿಂದು, ಮನೆಯ ಪುಟ್ಟಿಯಾದ ನಾನು ಬೈಸಿಕೊಳ್ಳುತ್ತಿದ್ದೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಬೌಲರ್‌ನಂತೆ ಅಲ್ಲಿ ಪಿಚರ್. ಪಂದ್ಯವನ್ನು ಶುರು ಮಾಡುವ ಪಿಚರ್‌ಗೆ ಸ್ಟಾರ್ಟರ್ ಎನ್ನುತ್ತಾರೆ. ಅವನು ತೋಳು ಸೋಲುವವರೆಗೆ ತಾನೊಬ್ಬನೇ ಚೆಂಡು ಒಗೆಯಬೇಕು, ಒಮ್ಮೆ ಒಗೆದರೆ ನಾಲ್ಕೈದು ದಿನ ವಿಶ್ರಾಂತಿ. ಹೀಗಾಗಿ ಒಬ್ಬೊಬ್ಬ ಸ್ಟಾರ್ಟರ್‌ಗೂ ಅವನದೇ ದಿನ, ಅವನದೇ ಭಕ್ತರು. ನಮ್ಮ ಮನೆಯಲ್ಲಿ ಯಾರಿಗೂ ಅವರ ಅಸಲಿ ಹೆಸರು ಬಳಸಿ ಗೊತ್ತಿರಲಿಲ್ಲ. ಅವ್ವನ ನಾಲಿಗೆಗೆ ಹೊಂದಲಿ ಎಂದು ಕಾಕಾ ಎಲ್ಲರಿಗೂ ಹುಬ್ಬಳ್ಳಿಯ ನಾಮಕರಣ ಮಾಡಿಬಿಟ್ಟಿದ್ದ. ಕಣ್ಣಿಗೆ ಕಾಣದ ವೇಗದಲ್ಲಿ ಒಗೆಯುವವನು ಸಿಡ್ಲಪ್ಪ. ನಿಧಾನಕ್ಕೆ ಒಗೆದರೂ ಹೇಳಿದ ಜಾಗಕ್ಕೇ ಚೆಂಡು ಬೀಳಿಸುವವನು ಮಾಸ್ತರ. ಪಂದ್ಯ ಮುಗಿಯುವವರೆಗೆ ಚೆಂಡು ಬಿಟ್ಟುಕೊಡದ ದಪ್ಪ ಹೊಟ್ಟೆಯವನು ಗೌಡ. ಎಷ್ಟೋ ವರ್ಷಗಳ ಮೇಲೆ ಅವರ ನಿಜವಾದ ಹೆಸರು ಓದಿದಾಗ ನನಗೆ ಯಾರದೋ ಮನೆಯ ಹುಡುಗರನ್ನು ತಪ್ಪು ಹೆಸರಿನಿಂದ ಕರೆದಂತೆ ಅನಿಸಿತು.

ಪಂದ್ಯ ಸ್ವಲ್ಪ ಜಾಳಾದರೆ ಸಾಕು, ಕಾಕಾ ತಲೆ ಹಿಂದಕ್ಕೆ ಚೆಲ್ಲಿ ಕೇಳುತ್ತಿದ್ದ: “ಒಂದ ಮ್ಯಾಚ್ ಉಳದೈತಿ ಅಣ್ಣಾ, ಸೋತ್ರ ಮನಿಗೆ. ಚೆಂಡ ಯಾರ ಕೈಯಾಗ ಕೊಡ್ತಿ?”

“ಮಾಸ್ತರನ ಕೈಯಾಗ.”

“ಮುಗೀತು ಬಿಡು. ಅಂವನ ಚೆಂಡಿಗೆ ನಮ್ಮ ಪುಟ್ಟಿನೂ ಬ್ಯಾಟ್ ಹಚ್ತಾಳ.”

“ಹಚ್ಚಲಿ. ಹಿಂದ ಏಳು ಮಂದಿ ಕೈ ಕಟಗೊಂಡ ನಿಂತಾರೇನು? ಅವರಿಗೂ ಕೆಲಸ ಇರಬೇಕಲ್ಲೋ ಪಮ್ಯಾ.”

ಇಲ್ಲಿಂದ ಮುಂದೆ ಮಧ್ಯಾಹ್ನದವರೆಗೆ ಬಿಡುವಿಲ್ಲ. ಬ್ಯಾಟಿಗೆ ಚೆಂಡನ್ನು ತಾಗಿಸಲೇ ಬಿಡದೆ, ಯಾರ ಹಂಗೂ ಇಲ್ಲದೆ ಎದುರಾಳಿಯನ್ನು ಔಟ್ ಮಾಡುವವನೇ ದೊಡ್ಡ ಪಿಚರ್ ಎಂದು ಕಾಕಾ. ಹಾಗೆ ಮಾಡುವವನು ಹೆಚ್ಚು ಚೆಂಡು ಒಗೆದು ಪಂದ್ಯದ ನಡುವೆಯೇ ಸುಸ್ತಾಗಿ ಹೊರಟುಹೋಗುತ್ತಾನೆ, ಉಳಿದ ಆಟಕ್ಕೆ ಯಾರು ಗತಿ ಎಂದು ಅಪ್ಪ. ಗೆಲುವಿನ ಲೆಕ್ಕ ಹೇಳಿದರೆ, ಅವನ ತಂಡದವರು ಚೆನ್ನಾಗಿ ಹೊಡೆದದ್ದಕ್ಕೆ ಇವನಿಗೇಕೆ ಹೆಸರು ಎನ್ನುವ ತಕರಾರು. ಕೊಟ್ಟ ರನ್ನಿನ ಲೆಕ್ಕ ಹೇಳಿದರೆ, ಅದು ಫೀಲ್ಡರುಗಳ ಪುಣ್ಯ ಎನ್ನುವ ತಕರಾರು. ಅವ್ವ ಒಳಗಿನಿಂದಲೇ ಗೌಡನ ಪರ ವಹಿಸುತ್ತಿದ್ದಳು. “ಒಲಿ ಮ್ಯಾಲೆ ಇಟ್ಟದ್ದನ್ನ ಅರ್ಧಕ್ಕ ಬಿಟ್ಟ ಹೋಗೋರು ನನಗ ಸೇರಂಗಿಲ್ಲ,” ಎನ್ನುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ಬಾಯಿ ಹಾಕಿದರೆ ಇಬ್ಬರೂ ಒಂದಾಗಿ ನನ್ನನ್ನು ಕೂರಿಸುತ್ತಿದ್ದರು. ಒಂದು ಶನಿವಾರವೂ ತೀರ್ಮಾನವಾದದ್ದಿಲ್ಲ.

ಸೋಲೊಪ್ಪುವುದು ನಮ್ಮ ಮನೆತನದಲ್ಲೇ ಇರಲಿಲ್ಲ. ಅದಕ್ಕೊಂದು ಪದ್ಧತಿಯೇ ಇತ್ತೆಂದು ಅವ್ವ ಹೇಳುತ್ತಾಳೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಏನು ಹೇಳಿದರೂ ಮನೆಯವರೆಲ್ಲ ತಲೆಯಾಡಿಸುತ್ತಿದ್ದರಂತೆ. ಎಷ್ಟು ಒಳ್ಳೆಯ ಜನ ಎಂದುಕೊಂಡಿದ್ದಳು. ಆಮೇಲೆ ತಿಳಿಯಿತು, ಆ ಮನೆಯಲ್ಲಿ ಬೀಗರು ಬಂದರೆ, ಹೊರಗಿನವರು ಬಂದರೆ ಎಲ್ಲದಕ್ಕೂ ಹೂಂ ಎನ್ನಬೇಕು, ವಾದ ಏನಿದ್ದರೂ ಮನೆಯವರ ಜೊತೆ. ಒಗ್ಗರಣೆಗೆ ಇಂಗು ಎಷ್ಟು ಎನ್ನುವ ವಿಷಯಕ್ಕೆ ಅಪ್ಪ ಮೊದಲ ಸಲ ಅವಳ ಮಾತನ್ನು ಅಲ್ಲಗಳೆದ ದಿನ ತಾನು ಆ ಮನೆಯವಳಾದೆ ಎಂದು ಅವಳು ಈಗಲೂ ನಗುತ್ತಾಳೆ.

ಸಿಡ್ನಿಯ ಒಲಿಂಪಿಕ್ಸ್ ಮುಗಿದು ಕೆಲವು ವರ್ಷಗಳಿಗೆ ಅಪ್ಪ ಬ್ಯಾಂಕಿನ ಮನೆಸಾಲ ಮಾಡಿ, ಅದೇ ಸಬರ್ಬಿನ ಹೊಸ ಬೀದಿಯಲ್ಲಿ ಮನೆ ಕಟ್ಟಿಸಲು ನಿಂತ. ನಕ್ಷೆಯಲ್ಲಿ ಒಂದು ಖೋಲಿ ಹೆಚ್ಚಿಗೆ ಹಾಕಿಸಿದ. ಹಿತ್ತಲಿನ ಬೇಲಿಯ ಕಡೆ ಬಾಗಿಲಿರುವ ಖೋಲಿ, ಎದ್ದವನೇ ಹೊರಗೆ ಹೋಗಿ ಚೆಂಡು ಒಗೆಯಬಹುದು. ಕಾಕಾನ ಖೋಲಿ ಎಂದು ಗೋಡೆ ಏಳುವ ಮೊದಲೇ ಅದಕ್ಕೆ ಹೆಸರಾಯಿತು. ಅಷ್ಟರಲ್ಲಿ ಕಾಕಾನಿಗೆ ಮೆಲ್ಬೋರ್ನಿನಲ್ಲಿ ಕೆಲಸ ಸಿಕ್ಕಿತ್ತು. ಅವನು ಅವ್ವನಿಗೆ ಹೇಳಿದ. ಅಪ್ಪನಿಗೆ ತಾನೇ ಹೇಳುತ್ತೇನೆ ಎಂದು ಒಂದೊಂದೇ ಶನಿವಾರ ಮುಂದೂಡಿದ. ಯುಗಾದಿಯ ಕಾರ್ಯಕ್ರಮಕ್ಕೆ ಶಾಲೆಯೊಂದರ ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಊಟದ ಸಾಲಿನಲ್ಲಿ ಅಪ್ಪನ ಮುಂದಿದ್ದ ಬೆಂಗಳೂರಿನ ಅಂಕಲ್ ಒಬ್ಬರು ತಟ್ಟೆ ಹಿಡಿದೇ ತಿರುಗಿ, “ತಮ್ಮ ಮೆಲ್ಬೋರ್ನ್‌ಗೆ ಮೂವ್ ಆಗ್ತಿದ್ದಾರಂತಲ್ಲ ಸಾರ್, ಒಳ್ಳೇ ಆಫರ್ ಅಂತೆ, ಕಂಗ್ರಾಟ್ಸ್,” ಎಂದರು.

“ಹೌದ್ರೀ, ಛಲೋ ಆತು,” ಎಂದ ಅಪ್ಪ. ಅವನ ತಟ್ಟೆಯಲ್ಲಿ ಬಿಸಿಬೇಳೆಬಾತ್ ಬಿತ್ತು, ಅವನು ಬಡಿಸಿದವರಿಗೂ ನಗುನಗುತ್ತಾ ಥ್ಯಾಂಕ್ಸ್ ಹೇಳಿದ. ಆ ನಗು ನನಗೆ ಹಿಡಿಸಲಿಲ್ಲ, ಯಾಕೆಂದು ಆಗ ತಿಳಿಯಲಿಲ್ಲ.

ಮನೆಗೆ ಬಂದು ಅವನು ಮೆಲ್ಬೋರ್ನಿನ ಮಾತೆತ್ತಲೇ ಇಲ್ಲ. ಕಾಕಾ ಬಾಗಿಲಲ್ಲಿ ನಿಂತು, “ಹೇಳಬೇಕಂತಿದ್ದೆ ಅಣ್ಣಾ,” ಎಂದಾಗ ಶೂ ಬಿಚ್ಚುತ್ತಾ ಕುಳಿತಿದ್ದ ಅಪ್ಪ ತಲೆಯೆತ್ತಲಿಲ್ಲ. ಆದರೆ ಮುಂದಿನ ಶನಿವಾರ ಸಿಡ್ಲಪ್ಪನ ಮೇಲೆ ಎಂದೂ ಇಲ್ಲದ ಸಿಟ್ಟಿನಿಂದ ಹರಿಹಾಯ್ದ. ಅವನದೆಲ್ಲ ಬರೀ ಆರ್ಭಟ, ತಂಡದ ಮೇಲೆ ಅಂತಃಕರಣವಿಲ್ಲ, ಇಂಥವನನ್ನು ನಂಬಿ ಯಾರು ಮನೆ ಕಟ್ಟುತ್ತಾರೆ ಎಂದೆಲ್ಲ ಅಂದ. ಬೇಸ್‌ಬಾಲಿನಲ್ಲಿ ಮನೆ ಕಟ್ಟುವ ಪ್ರಶ್ನೆ ಎಲ್ಲಿ ಬಂತೆಂದು ಯಾರೂ ಕೇಳಲಿಲ್ಲ. ಕಾಕಾ ಅಷ್ಟೇ ಜೋರಾಗಿ ಉತ್ತರ ಕೊಟ್ಟ, ಅವನ ಮುಖದಲ್ಲಿ ಬದುಕಿಕೊಂಡೆ ಎನ್ನುವ ಕಳೆ ಇತ್ತು. ಮನೆ ಮುಗಿಯುವ ಮೊದಲೇ ಅವನು ಗ್ಲವ್ ತೆಗೆದುಕೊಂಡು ಹೊರಟುಹೋದ. ಹೊಸ ಮನೆಯ ಆ ಖೋಲಿಯಲ್ಲಿ ಅಪ್ಪ ಮಂಚ ಹಾಕಿಸಿದ, ಪರದೆ ಹಾಕಿಸಿದ. ತಮ್ಮ ತಿರುಗಿ ಬಂದು ಅಲ್ಲಿರಬೇಕು ಎನ್ನುವುದೊಂದೇ ಅವನಿಗೆ ಬೇಕಾಗಿತ್ತು. ಅದನ್ನು ಬಾಯಿ ಬಿಟ್ಟು ಕೇಳುವುದು ಅವನಿಂದ ಆಗುತ್ತಿರಲಿಲ್ಲ.

ಆಮೇಲಿನದು ಫೋನಿನ ಕಾಲ. ಶನಿವಾರ ಪಂದ್ಯ ಮುಗಿದ ಕೂಡಲೇ ಕಾಕಾನ ಫೋನ್ ಬರುತ್ತಿತ್ತು. ಊಟ ಆಯಿತಾ, ಆರಾಮ ಇದ್ದೀಯಾ ಎನ್ನುವ ಮಾತೇ ಇಲ್ಲ. “ಏನೋ ಪಮ್ಯಾ, ನಿನ್ನ ಸಿಡ್ಲಪ್ಪ ಇವತ್ತ ಅರ್ಧ ದಾರಿಯೊಳಗ ಕುಂತನಲ್ಲ,” ಎಂದೇ ಅಪ್ಪ ಶುರು ಮಾಡುತ್ತಿದ್ದ. ಸ್ಪೀಕರಿನಿಂದ ಕಾಕಾನ ದನಿ ಹಾಲ್ ತುಂಬ ಹಾರಾಡುತ್ತಿತ್ತು. ಆಟವಿಲ್ಲದ ತಿಂಗಳುಗಳಲ್ಲಿ ಹಳೆಯ ಪಂದ್ಯಗಳನ್ನು ಕೆದಕಿ ಜಗಳವಾಡುತ್ತಿದ್ದರು. ದನಿಯ ಏರಿಳಿತ ಕೇಳಿ ಅವ್ವ ಅಡುಗೆಮನೆಯಲ್ಲಿ ತನ್ನದೇ ವರದಿ ಸಿದ್ಧಮಾಡುತ್ತಿದ್ದಳು: ನೆಗಡಿಯಾಗಿದೆ, ಸರಿಯಾಗಿ ನಿದ್ದೆ ಮಾಡಿಲ್ಲ, ಆಫೀಸಿನಲ್ಲಿ ಏನೋ ಆಗಿದೆ. ಹೀಗೆ ಕೆಲವು ವರ್ಷ ನಡೆಯಿತು. ಕಾಕಾ ಬರಲಿಲ್ಲ, ಅಪ್ಪ ಕರೆಯಲಿಲ್ಲ. ಆದರೂ ನನಗೆ ಆ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ ಎಂದೇ ಅನಿಸುತ್ತಿತ್ತು.

ಒಂದು ಚಳಿಗಾಲದ ರಜೆಯಲ್ಲಿ ಅವ್ವ ಮತ್ತು ನಾನು ಕಾಕಾನನ್ನು ನೋಡಲು ಮೆಲ್ಬೋರ್ನಿಗೆ ಹೋದೆವು. ಅಪ್ಪ ರಜೆ ಇಲ್ಲವೆಂದು ಉಳಿದ. ಶನಿವಾರ ಬೆಳಿಗ್ಗೆ ಎದ್ದು ಹಾಲ್‌ಗೆ ಬಂದರೆ ಟಿವಿಯಲ್ಲಿ ಯಾರೋ ಮನೆಗೆ ಬಣ್ಣ ಹೊಡೆಯುವ ಕಾರ್ಯಕ್ರಮ ಬರುತ್ತಿತ್ತು. ಬೇಸ್‌ಬಾಲ್ ಬರುವ ಚಾನೆಲ್ಲೇ ಇರಲಿಲ್ಲ. ಕಾಕಾ ಕಂಪ್ಯೂಟರಿನ ಮುಂದೆ ಕುಳಿತು ಪಂದ್ಯದ ವರದಿ ಓದುತ್ತಿದ್ದ, ಪರೀಕ್ಷೆಯ ಬೆಳಿಗ್ಗೆ ಹುಡುಗರು ಓದುತ್ತಾರಲ್ಲ ಹಾಗೆ, ತುಟಿ ಅಲ್ಲಾಡಿಸುತ್ತಾ. ಪಂದ್ಯ ನೋಡುವುದಿಲ್ಲವೇ ಎಂದು ಕೇಳಿದೆ. ಇಲ್ಲಿ ಬಂದಮೇಲೆ ಆಟದ ಹುಚ್ಚು ಇಳಿದುಹೋಯಿತು, ಕ್ಲಬ್ ಬಿಟ್ಟೂ ಬಹಳ ದಿನವಾಯಿತು ಎಂದ. ಹಾಗಾದರೆ ಇದೇಕೆ ಎಂದೆ. “ಅಣ್ಣನ ಜೋಡಿ ಮಾತಾಡಬೇಕಲ್ಲ,” ಎಂದ. ಅಷ್ಟು ಹೊತ್ತಿಗೆ ಸಮಯವಾಗಿತ್ತು. ಅವನು ಫೋನ್ ಹಚ್ಚಿ, ತಾನು ಕಣ್ಣಾರೆ ಕಂಡವನ ಹಾಗೆ, ಸಿಡ್ಲಪ್ಪನ ಆ ಒಂದು ಚೆಂಡು ಹೇಗೆ ತಿರುಗಿತೆಂದು ಕೈ ಬೀಸಿ ಬೀಸಿ ಹೇಳತೊಡಗಿದ. ಅವ್ವ ಚಹಾ ಸೋಸುತ್ತಿದ್ದವಳು ಹಾಗೇ ನಿಂತಳು. ಅವನ ಮೇಲೆ ಆ ಬೆಳಿಗ್ಗೆ ನನಗೆ ಹುಟ್ಟಿದ ಪ್ರೀತಿ ಇನ್ನೂ ಇದೆ.

ಅಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಮರುವರ್ಷ ಅವನಿಗೆ ಒಂದು ಹೊಸ ವಿಚಾರ ಹೊಳೆಯಿತು. ತಮ್ಮನಿಗೆ ಗೆಲುವು ಕೊಟ್ಟುಬಿಟ್ಟರೆ ಅವನ ಮನಸ್ಸು ತಿಳಿಯಾಗುತ್ತದೆ, ದೀಪಾವಳಿಗೆ ಬರುತ್ತಾನೆ, ಬಂದರೆ ಮೆಲ್ಲಗೆ ಇಲ್ಲೇ ಉಳಿಸಿಕೊಳ್ಳಬಹುದು. ಬೆಂಡೆಕಾಯಿ ಹೆಚ್ಚುತ್ತಿದ್ದ ಅವ್ವನಿಗೆ ಇದನ್ನು ಹೇಳಿದ.

“ಅದಕ್ಯಾಕ ಇಷ್ಟ ಸುತ್ತತೀರಿ? ಬಾರೋ ಅಂತ ಕರೀರಿ,” ಎಂದಳು ಅವ್ವ.

“ಕರದ್ರ ಬರಾಂವ ಅಲ್ಲ ಅಂವ. ಗೆದ್ದ ಖುಷಿಯೊಳಗ ತಾನ ಬರತಾನ,” ಎಂದ ಅಪ್ಪ. ಇಷ್ಟು ವರ್ಷ ಆಫೀಸಿನಲ್ಲಿ ಹತ್ತಾರು ಜನರನ್ನು ಹೀಗೇ ಒಲಿಸಿಕೊಂಡಿದ್ದ, ತಮ್ಮನಿಗೂ ಅದೇ ಮದ್ದು ಎಂದುಕೊಂಡ.

ಆ ಶನಿವಾರ ಫೋನ್ ಬಂದಾಗ ನಾನು ಅಲ್ಲೇ ಇದ್ದೆ. ಕಾಕಾ ಎಂದಿನಂತೆ ಸಿಡ್ಲಪ್ಪನ ಹೊಗಳಿಕೆ ಶುರು ಮಾಡಿದ. ಅಪ್ಪ ಪೂರ್ತಿ ಕೇಳಿದ. ಕೇಳಿ, ಗಂಟಲು ಸರಿಮಾಡಿಕೊಂಡು, “ನಿಂದ ಖರೆ ಐತಿ ಪ್ರಮೋದ. ಸಿಡ್ಲಪ್ಪನ ದೊಡ್ಡಾಂವ,” ಎಂದ.

ಲೈನ್ ಹೋಯಿತೇ ಎಂದು ಅಪ್ಪ ಫೋನನ್ನು ಬಗ್ಗಿ ನೋಡಿದ. ಆಮೇಲೆ ಕಾಕಾನ ದನಿ ಬಂತು, ಸಣ್ಣಗೆ: “ಆರಾಮ ಇದ್ದಿ ಇಲ್ಲೋ ಅಣ್ಣಾ? ವೈನಿ ಕೈಯಾಗ ಫೋನ್ ಕೊಡು.”

ಅವ್ವ ಅಪ್ಪನ ಬಿಪಿ, ಶುಗರ್ ಎಲ್ಲದರ ವರದಿ ಒಪ್ಪಿಸಬೇಕಾಯಿತು. ಏನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆ ಕಾಕಾ ಮತ್ತೇನೂ ಕೇಳದೆ ಫೋನ್ ಇಟ್ಟ. ಅಪ್ಪ ಕೈ ಉಜ್ಜಿಕೊಂಡು, “ನೋಡ್ತಿರು, ಬರತಾನ,” ಎಂದ. ಮುಂದಿನ ವಾರ ಕಾಕಾ, “ಮಾಸ್ತರನೂ ಏನ್ ಕಡಿಮಿ ಇಲ್ಲ ಬಿಡಣ್ಣ,” ಎಂದ. ಅಪ್ಪ ಹೌದೌದು ಎಂದ. ಇಬ್ಬರೂ ಆಮೇಲೆ ಸಿಡ್ನಿಯ ಹವಾಮಾನ, ಮೆಲ್ಬೋರ್ನಿನ ಹವಾಮಾನ ಮಾತಾಡಿದರು. ಸ್ವಲ್ಪ ದಿನಕ್ಕೆ ಫೋನು ವಾರ ಬಿಟ್ಟು ವಾರ ಆಯಿತು. ನನಗೆ ಸಂಕಟವಾಗಿ ಒಂದು ದಿನ ನಾನೇ ಕಾಕಾನಿಗೆ ಫೋನ್ ಮಾಡಿ, ಯಾಕೆ ಜಗಳ ಬಿಟ್ಟಿರಿ ಎಂದು ಕೇಳಿದೆ. “ನಾ ಬಿಟ್ಟಿಲ್ಲವ್ವಾ. ನಿಮ್ಮಪ್ಪ ನನ್ನ ಬೀಗರ ಪಂಕ್ತಿಯೊಳಗ ಕುಂಡ್ರಿಸಿದ,” ಎಂದ. ಹಾಗಲ್ಲ, ನೀನು ಬರಲಿ ಅಂತ ಅಪ್ಪ ಬೇಕೆಂದೇ ಸೋತ ಎಂದು ಹೇಳಿದೆ. “ಹಂಗಾರ ಬರತೀನಿ,” ಎಂದ.

ಬಂದ. ದೀಪಾವಳಿ ಆ ವರ್ಷ ಬೇಗ ಬಂದಿತ್ತು, ಕೊನೆಯ ಪಂದ್ಯಗಳು ಇನ್ನೂ ನಡೆದಿದ್ದವು. ಕೈಯಲ್ಲಿ ಸ್ವೀಟ್ ಬಾಕ್ಸ್ ಹಿಡಿದು, ಬಾಗಿಲ ಹೊರಗೆ ಶೂಗಳನ್ನು ಜೋಡಿಸಿಟ್ಟು ಒಳಗೆ ಬಂದ. ಅಪ್ಪ ಮನೆ ತೋರಿಸಿದ, ಖೋಲಿ ತೋರಿಸಿದ, ಹಿತ್ತಲಿನ ಬಾಗಿಲು ತೆರೆದು ಬೇಲಿ ತೋರಿಸಿದ. “ಬಾಳ ಛಲೋ ಆಗೇತಿ ಅಣ್ಣಾ,” ಎನ್ನುತ್ತಾ ಕಾಕಾ ಹಿಂದೆ ಹಿಂದೆ ನಡೆದ. ಬೆಳಿಗ್ಗೆ ಇಬ್ಬರೂ ಸೋಫಾದಲ್ಲಿ ಪಕ್ಕಪಕ್ಕ ಕುಳಿತು ಪಂದ್ಯ ನೋಡಿದರು. ಅವ್ವ ಸುಸಲಾವನ್ನು ಬೇರೆ ಬೇರೆ ಪ್ಲೇಟಿನಲ್ಲಿ ಕೊಟ್ಟಳು, ಯಾಕೆ ಹಾಗೆ ಮಾಡಿದೆನೋ ಅವಳಿಗೇ ಗೊತ್ತಿಲ್ಲ. ಅಪ್ಪ ಏನು ಹೇಳಿದರೂ ಕಾಕಾ ಹೌದಣ್ಣ ಎಂದ. ಕಾಕಾ ಏನು ಹೇಳಿದರೂ ಅಪ್ಪ ಖರೆ ಎಂದ. ಅಷ್ಟು ಶಾಂತವಾದ ಪಂದ್ಯ ನಮ್ಮ ಮನೆಯಲ್ಲಿ ಎಂದೂ ನಡೆದಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಸಂತೋಷ ಕೊಡಲು ಪಟ್ಟ ಪಾಡು ನೋಡಿ ನನಗೆ ಅಳು ಬಂತು, ಎದ್ದು ಹೊರಗೆ ಹೋದೆ.

ಭಾನುವಾರ ಊಟ ಮುಗಿಸಿ ಅವನು ಏರ್‌ಪೋರ್ಟಿಗೆ ಹೊರಟ. ಇಲ್ಲೇ ಇರು ಎನ್ನುವ ಮಾತು ಅಪ್ಪನ ಬಾಯಿಂದ ಬರಲೇ ಇಲ್ಲ, ಕಾರಿನ ಬಾಗಿಲು ಹಿಡಿದು, “ಹೋದ ಕೂಡಲೆ ಫೋನ್ ಮಾಡ್ರಿ,” ಎಂದ. ತಮ್ಮನಿಗೆ ಅವನು ಮಾಡ್ರಿ ಎಂದದ್ದನ್ನು ಅವ್ವ ಕೇಳಿಸಿಕೊಂಡಳು, ನಾನು ಕೇಳಿಸಿಕೊಂಡೆ. ಕಾರು ತಿರುವು ದಾಟಿದ ಮೇಲೆ ಅವ್ವ ಆ ಖೋಲಿಗೆ ಹೋದಳು. ಹೋದವಳು ಬಾಗಿಲಲ್ಲೇ ನಿಂತು ಅಪ್ಪನನ್ನು ಕರೆದಳು. ಕಾಕಾ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ಮಂಚದ ಕಾಲ್ದೆಸೆಗೆ ಇಟ್ಟಿದ್ದ. ಅದರ ಮೇಲೆ ಹಾಸಿಗೆಯಿಂದ ತೆಗೆದು ಮಡಚಿದ ಚಾದರ, ದಿಂಬಿನ ಚೀಲ, ಎಲ್ಲಕ್ಕೂ ಮೇಲೆ ಒದ್ದೆ ಉಳಿಯದಂತೆ ಒಣಗಿಸಿದ ಟವೆಲ್. ಹುಬ್ಬಳ್ಳಿಯಿಂದ ಕ್ವೇಕರ್ಸ್ ಹಿಲ್‌ವರೆಗೆ ಅವನ ಹಾಸಿಗೆ ತೆಗೆದವರು ಬೇರೆಯವರೇ, ಎದ್ದ ಕಡೆ ಬಿಟ್ಟು ಹೋಗುವುದಷ್ಟೇ ಅವನ ಕೆಲಸ.

ಅಪ್ಪ ಒಳಗೆ ಹೋಗಲಿಲ್ಲ. ಅವ್ವನ ಭುಜದ ಹಿಂದಿನಿಂದ ಬಹಳ ಹೊತ್ತು ನೋಡುತ್ತಾ ನಿಂತಿದ್ದ.

“ಪಮ್ಯಾ ಇದನ್ನ ಯಾವಾಗ ಕಲತ?” ಎಂದ.